ಗುಲಗಂಜಿಯ ಕೆಂಪು ಚಿನ್ನ

ಹದಿನೆಂಟು ಜನ ಕೆಲಸ ಮಾಡುವ ಆ ಆಭರಣದ ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವಳು ಗುಲಗಂಜಿ. ಹೆಸರಿಟ್ಟವರು ಕುಲುಮೆಯ ತಾತ, ಅಂದರೆ ಆಗ ಅಲ್ಲಿ ಚಿನ್ನ ಕರಗಿಸುತ್ತಿದ್ದ ಮುದುಕ. ಇಪ್ಪತ್ತೆರಡು ವರ್ಷದ ಹಿಂದೆ ಪೊರಕೆ ಹಿಡಿದು ಬಾಗಿಲಲ್ಲಿ ನಿಂತ ಕುಳ್ಳಿಯನ್ನು ನೋಡಿ, ತಕ್ಕಡಿಯಲ್ಲಿಡುವ ಗುಲಗಂಜಿಯ ಹಾಗಿದ್ದೀಯಲ್ಲ ಎಂದು ನಕ್ಕಿದ್ದರು. ಅವಳೇನೂ ಮುಖ ಊದಿಸಿಕೊಳ್ಳಲಿಲ್ಲ. ಹಳೆಯ ಕಾಲದಲ್ಲಿ ಚಿನ್ನದ ತೂಕ ಹೇಳುತ್ತಿದ್ದದ್ದೇ ಗುಲಗಂಜಿ. ಅದನ್ನು ಬೈಗುಳವೆಂದುಕೊಳ್ಳುವಷ್ಟು ದಡ್ಡಿಯಲ್ಲ ಅವಳು.

ಮೊದಲ ಆರು ವರ್ಷ ಅವಳ ಕೆಲಸ ನೆಲ ಗುಡಿಸುವುದು. ಗುಡಿಸುವುದು ಎಂದರೆ ಕಸ ಹೊರಗೆ ಹಾಕುವುದಲ್ಲ, ಕಸವನ್ನು ಜೋಪಾನ ಮಾಡುವುದು. ಕೈ ತೊಳೆದ ನೀರು, ಒರೆಸಿದ ಬಟ್ಟೆ, ಮೇಜಿನ ಕೆಳಗಿನ ಧೂಳು, ಎಲ್ಲದರಲ್ಲೂ ಅರದ ಬಾಯಿಂದ ಉದುರಿದ ಚಿನ್ನವಿರುತ್ತಿತ್ತು. ಅದನ್ನು ಸುಟ್ಟು, ಸೋಸಿ ತಾತನ ಕೈಗೆ ಕೊಡುವಾಗ ಅವಳು ಒಂದೆರಡು ನಿಮಿಷ ಅಲ್ಲೇ ನಿಂತು ಬಿಡುತ್ತಿದ್ದಳು. ತಾತನಿಗೆ ಮಾತಾಡುವ ಚಟ, ಅವಳಿಗೆ ಕೇಳುವ ಚಟ. ಜೋಡಿ ಚೆನ್ನಾಗಿ ಕೂಡಿಬಂತು.

ತಾತನ ಪಾಠ ಶುರುವಾಗುತ್ತಿದ್ದದ್ದು ಅಪ್ಪಟ ಚಿನ್ನವನ್ನು ಜರಿಯುವುದರಿಂದ. ಜನ ಯಾರನ್ನಾದರೂ ಹೊಗಳಬೇಕಾದರೆ ಅಪ್ಪಟ ಚಿನ್ನ ಅನ್ನುತ್ತಾರೆ. ಆದರೆ ಅಪ್ಪಟ ಚಿನ್ನದಲ್ಲಿ ಉಂಗುರ ಮಾಡಿ ಹಾಕಿಕೊಂಡು ಒಂದು ಬಕೆಟ್ ನೀರು ಎತ್ತಿ ನೋಡಲಿ, ಸಂಜೆಯ ಹೊತ್ತಿಗೆ ಅದು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಕಲ್ಲು ಕೂರಿಸಿದರೆ ಕಲ್ಲು ಉದುರುತ್ತದೆ, ಕೊಂಡಿ ಮಾಡಿದರೆ ಕೊಂಡಿ ಬಾಯಿ ಬಿಡುತ್ತದೆ. ಅದಕ್ಕೇ ಬೇರೆ ಲೋಹದ ಸಹವಾಸ ಬೇಕು. ತಾಮ್ರ ಸೇರಿದರೆ ಚಿನ್ನಕ್ಕೆ ಗಡಸು ಬರುತ್ತದೆ, ಕೆಂಪು ಬರುತ್ತದೆ. ಜಾಸ್ತಿಯಾದರೆ ಬೆವರಿಗೆ ಮಂಕಾಗುತ್ತದೆ. ಬೆಳ್ಳಿ ಸೇರಿದರೆ ತಿಳಿಯಾಗಿ, ಹಸಿರು ಛಾಯೆಗೆ ತಿರುಗಿ ಮೆತ್ತಗೇ ಉಳಿಯುತ್ತದೆ. ಯಾವುದೂ ಪುಕ್ಕಟೆ ಗುಣ ಕೊಡುವುದಿಲ್ಲ, ಒಂದು ಕೊಟ್ಟು ಇನ್ನೊಂದು ಕಿತ್ತುಕೊಳ್ಳುತ್ತದೆ. ಗುಲಗಂಜಿ ಇದನ್ನೆಲ್ಲ ಪೊರಕೆ ಹಿಡಿದುಕೊಂಡೇ ಬಾಯಿಪಾಠ ಮಾಡಿದಳು.

ಅವಳಿಗೆ ಕುಲುಮೆ ಸಿಕ್ಕಿದ್ದು ಯಜಮಾನ್ತಿಯ ಬೆರಳಿನಿಂದ. ಕಾರ್ಖಾನೆಯ ಒಡತಿ ಬಿಳಿ ಚಿನ್ನದ ಉಂಗುರವೊಂದನ್ನು ಹಾಕಿಕೊಂಡಿದ್ದಳು, ಅದರ ಕೆಳಗೆ ಚರ್ಮ ಕೆಂಪಗೆ ಸುಲಿದು ತುರಿಸುತ್ತಿತ್ತು. ಮುಲಾಮು ಹಚ್ಚಿ ಸಾಕಾಗಿತ್ತು, ಮೂರು ಥರದ ಸೋಪು ಬದಲಾಯಿಸಿ ಆಗಿತ್ತು. ನೆಲ ಒರೆಸುತ್ತಿದ್ದ ಗುಲಗಂಜಿ ತಲೆಯೆತ್ತಿ, ಅದು ಸೋಪಲ್ಲ, ಚಿನ್ನವನ್ನು ಬೆಳ್ಳಗೆ ಮಾಡಲು ಬೆರೆಸಿದ ನಿಕ್ಕಲ್ ಎಂದಳು. ಕೆಲವರ ಮೈಗೆ ಅದು ಆಗಿಬರುವುದಿಲ್ಲ. ಪಲ್ಲೇಡಿಯಂ ಬೆರೆಸಿದರೆ ತುರಿಕೆ ಇರುವುದಿಲ್ಲ, ಆದರೆ ದುಬಾರಿ, ಕರಗಿಸಲು ಬೆಂಕಿಯೂ ಜಾಸ್ತಿ ಬೇಕು. ಹೊಸ ಉಂಗುರ ಬಂದು ಎರಡು ವಾರದಲ್ಲಿ ಬೆರಳು ತಣ್ಣಗಾಯಿತು. ತಾತನ ಕಣ್ಣಿಗೆ ಪೊರೆ ಬಂದು ಅವರು ಮನೆ ಸೇರಿದ ದಿನ ಯಜಮಾನ್ತಿ ಎರಡನೆಯ ಯೋಚನೆ ಮಾಡದೆ ಗುಲಗಂಜಿಯನ್ನು ಕುಲುಮೆಯ ಮುಂದೆ ಕೂರಿಸಿದಳು.

ಇದು ಮೇಸ್ತ್ರಿಗೆ ಗಂಟಲಲ್ಲಿ ಮುಳ್ಳಾಯಿತು. ಮೇಸ್ತ್ರಿ ಎಂದರೆ ಕೆಲಸದ ಮೇಜುಗಳ ಹಿರಿಯ. ಸುತ್ತಿಗೆ ಹಿಡಿದರೆ ಆ ಕೈಗೆ ಸಾಟಿಯಿಲ್ಲ, ಅದನ್ನು ಗುಲಗಂಜಿಯೂ ಒಪ್ಪುತ್ತಿದ್ದಳು. ಆದರೆ ಮೂವತ್ತು ವರ್ಷದಲ್ಲಿ ಅವರು ಯಾರನ್ನೂ ಏನನ್ನೂ ಕೇಳಿದವರಲ್ಲ. ಕಸ ಗುಡಿಸುವವಳು ಕರಗಿಸಿದ ಚಿನ್ನವನ್ನು ಮುಟ್ಟುವಾಗ ಪ್ರತಿ ಸಲ ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು, ಹಳಸಿದ ಅನ್ನ ನೋಡುವ ಹಾಗೆ. ಅಲ್ಲಿ ಒಂದು ಕಟ್ಟಳೆಯೂ ಇತ್ತು: ಅಚ್ಚಿನಿಂದ ಚಿನ್ನದ ಗಟ್ಟಿ ಹೊರಬಿದ್ದ ಮೇಲೆ ಅದು ಮೇಸ್ತ್ರಿಯದು, ಕುಲುಮೆಯವರು ಅದರ ಸುದ್ದಿಗೆ ಬರಕೂಡದು. ಹದಿನಾರು ವರ್ಷ ಇಬ್ಬರೂ ಎಂಟು ಹೆಜ್ಜೆ ದೂರದಲ್ಲಿ ಕೂತು, ಬೇಕಾದಷ್ಟೇ ಮಾತಾಡಿ ದಿನ ದೂಡಿದರು.

ಆಮೇಲೆ ಬಂತು ಹಲ್ಲಿನ ಡಾಕ್ಟರಮ್ಮನ ಬಳೆ. ಆಕೆಗೆ ತೆಳ್ಳಗಿನ, ಎರಡು ತಂತಿ ಹೆಣೆದ, ಕೆಂಪು ಹೊಳಪಿನ ಬಳೆ ಜೋಡಿ ಬೇಕಿತ್ತು, ದಿನವಿಡೀ ಕೈಯಲ್ಲಿದ್ದರೂ ಸೊಟ್ಟಗಾಗಬಾರದು. ಇಪ್ಪತ್ತೆರಡು ಕ್ಯಾರಟ್ಟಿನ ಹಳದಿ ಚಿನ್ನದಲ್ಲಿ ಅಷ್ಟು ತೆಳ್ಳಗೆ ಮಾಡಿದರೆ ಅದು ಬಳೆಯಲ್ಲ, ದಾರ. ಹಾಗಾಗಿ ಹದಿನೆಂಟು ಕ್ಯಾರಟ್: ನಾಲ್ಕರಲ್ಲಿ ಮೂರು ಪಾಲು ಚಿನ್ನ, ಉಳಿದ ಪಾಲಿನಲ್ಲಿ ಹೆಚ್ಚುಕಮ್ಮಿ ಎಲ್ಲ ತಾಮ್ರ, ಚೂರು ಬೆಳ್ಳಿ. ಇಷ್ಟು ಕೆಂಪು ಚಿನ್ನ ಆ ಕಾರ್ಖಾನೆಯಲ್ಲಿ ಯಾರೂ ಮಾಡಿರಲಿಲ್ಲ. ಗುಲಗಂಜಿ ತೂಗಿ, ಕರಗಿಸಿ, ಅಚ್ಚಿಗೆ ಹುಯ್ದಳು. ಹೊಸ ಇಟ್ಟಿಗೆಯ ಬಣ್ಣದ ಗಟ್ಟಿಯನ್ನು ನೋಡಿ ಅವಳಿಗೇ ಖುಷಿಯಾಯಿತು.

ಮೇಸ್ತ್ರಿ ಅದನ್ನು ಉಕ್ಕಿನ ಉರುಳೆಗಳ ನಡುವೆ ಎರಡು ಸಲ ಒತ್ತಿದರು, ಮೆತ್ತಗಾಗಲೆಂದು ಕೆಂಪಗೆ ಕಾಯಿಸಿದರು, ವಾಡಿಕೆಯಂತೆ ಇದ್ದಿಲಿನ ಮೇಲೆ ತಾನಾಗಿ ಆರಲು ಬಿಟ್ಟರು. ಮತ್ತೆ ಉರುಳೆಗೆ ಕೊಟ್ಟಾಗ ಟಕ್ ಎಂದು ಅಂಚು ಸೀಳಿತು. ಎರಡನೆಯ ಗಟ್ಟಿಯೂ ಹಾಗೇ. ಮೂರನೆಯದು ಬಿಸ್ಕತ್ತಿನಂತೆ ಮುರಿದು ಎರಡಾಯಿತು. ಅದನ್ನು ಮೇಸ್ತ್ರಿ ಯಜಮಾನ್ತಿಯ ಮೇಜಿನ ಮೇಲೆ ಇಟ್ಟು, ಬೆರಕೆಯಲ್ಲೇ ಕೊಳಕಿದೆ, ಕೈಯೇ ಸರಿಯಿಲ್ಲ ಎಂದರು. ಯಜಮಾನ್ತಿ ನ್ಯಾಯವಂತೆ, ಆದರೆ ಮಾತು ಕೊಟ್ಟ ದಿನ ಹತ್ತಿರ ಬಂದಿತ್ತು. ಇನ್ನೊಂದು ಗಟ್ಟಿ ನೋಡೋಣ, ಅದೂ ಒಡೆದರೆ ಕುಲುಮೆಗೆ ಹೊರಗಿನವರನ್ನು ಕರೆಸುತ್ತೇನೆ, ನೀನು ಪಾಲಿಶ್ ವಿಭಾಗಕ್ಕೆ ಹೋಗು ಎಂದಳು.

ಮನೆಯಲ್ಲಿ ಅವಳು ಊಟ ಬೇಡವೆಂದು ಕೂತಾಗ ಅತ್ತೆ ಕಾರಣ ಕೇಳಿದಳು. ಎಲ್ಲ ಕೇಳಿ, ಅತ್ತು ಕರೆದು ತಟ್ಟೆ ದೂಡಿದರೆ ಚಿನ್ನ ಹೆದರಿಕೊಂಡು ಸರಿಹೋಗುತ್ತದೆಯೇ ಎಂದು ಗದರಿದಳು. ನಿನ್ನ ಕೈ ಮೇಲೆ ನಿನಗೇ ಅನುಮಾನ ಇದೆಯಾ ಎಂದೂ ಕೇಳಿದಳು. ಗುಲಗಂಜಿ ಇಲ್ಲ ಎಂದಳು. ಹಾಗಾದರೆ ಉಣ್ಣು ಎಂದಳು ಅತ್ತೆ.

ಮಾರನೆಯ ದಿನ ಅವಳು ತನ್ನ ಬೆಂಕಿಪೊಟ್ಟಣ ತೆರೆದಳು. ಪ್ರತಿ ಸಲ ಹುಯ್ದ ಮೇಲೆ ಚಿನ್ನ ಕರಗಿಸುವ ಮೂಸೆಯ ಕೊನೆಯ ಹನಿಯನ್ನು ಅವಳು ನೀರಿನ ಬಟ್ಟಲಿಗೆ ಬೀಳಿಸುತ್ತಿದ್ದಳು, ಪರೀಕ್ಷೆಗೆಂದು. ಮೂರು ಗಟ್ಟಿಗಳ ಮೂರು ಹನಿ ಪೊಟ್ಟಣದಲ್ಲಿದ್ದವು. ಕೊಳಕಿದ್ದರೆ ಇವೂ ಒಡೆಯಬೇಕಲ್ಲ ಎಂದು ಒಂದೊಂದನ್ನೇ ಸುತ್ತಿಗೆಯಿಂದ ಬಡಿದಳು. ಒಡೆಯಲಿಲ್ಲ. ಬಡಿದಷ್ಟೂ ಹರಡಿ ಎಲೆಯಾದವು, ಮಡಚಿದರೆ ಮಡಚಿಕೊಂಡವು. ಅದೇ ಚಿನ್ನ, ಅದೇ ಮೂಸೆ, ಅದೇ ಕೈ. ಗಟ್ಟಿಗೂ ಹನಿಗೂ ಇದ್ದ ವ್ಯತ್ಯಾಸ ಒಂದೇ: ಹನಿ ನೀರಿಗೆ ಬಿದ್ದಿತ್ತು, ಗಟ್ಟಿ ಇದ್ದಿಲ ಮೇಲೆ ನಿಧಾನವಾಗಿ ಆರಿತ್ತು. ಹಳದಿ ಚಿನ್ನ ಹೇಗೆ ಆರಿದರೂ ತಕರಾರಿಲ್ಲ. ತಾಮ್ರ ತುಂಬಿದ ಕೆಂಪು ಚಿನ್ನವನ್ನು ಮೆಲ್ಲಗೆ ಆರಲು ಬಿಟ್ಟರೆ ಅದು ಒಳಗೊಳಗೇ ಬಿಗಿದುಕೊಂಡು ಪೆಡಸಾಗುತ್ತಿತ್ತು.

ಗೊತ್ತಾಗುವುದು ಬೇರೆ, ಹೇಳುವುದು ಬೇರೆ. ಅಚ್ಚಿನಿಂದಾಚೆಗೆ ಅವಳಿಗೆ ಬಾಯಿಯಿರಲಿಲ್ಲ. ಆದರೂ ಅವತ್ತು ಆ ಎಂಟು ಹೆಜ್ಜೆ ದಾಟಿ ಹೋಗಿ, ಯಜಮಾನ್ತಿ ನಿಂತಿರುವಾಗಲೇ ಹೇಳಿದಳು, ಕಾಯಿಸಿದ ಮೇಲೆ ನೀರಿಗೆ ಹಾಕಿ ಎಂದು.

ಮೇಸ್ತ್ರಿ ನಕ್ಕರು. "ಬಿಸಿ ಲೋಹ ನೀರಿಗೆ ಹಾಕಿದ್ರೆ ಇನ್ನೂ ಗಡಸಾಗುತ್ತೆ. ಕಮ್ಮಾರನನ್ನ ಕೇಳಿ ಬಾ, ಹೋಗು."

"ಅದು ಉಕ್ಕು ಮೇಸ್ತ್ರಿ, ಇದು ಚಿನ್ನ," ಎಂದಳು ಗುಲಗಂಜಿ. "ಒಂದೇ ಮೂಸೆಯಿಂದ ಎರಡು ಗಟ್ಟಿ ಹುಯ್ತೀನಿ. ಒಂದು ನಿಮ್ಮ ರೀತಿ, ಒಂದು ನನ್ನ ರೀತಿ. ನಂದು ಒಡೆದ್ರೆ ನಾನೇ ಎದ್ದು ಹೋಗ್ತೀನಿ, ಯಾರೂ ಕಳಿಸೋದು ಬೇಡ."

ಹದಿನಾರು ಮೇಜುಗಳ ಸದ್ದು ಒಟ್ಟಿಗೆ ನಿಂತಿತು. ಯಜಮಾನ್ತಿ ಬಾಗಿಲು ಹಾಕಿಸಿ, ಎಲ್ಲರೂ ನೋಡಲಿ ಎಂದಳು. ಗುಲಗಂಜಿ ಒಂದೇ ಮೂಸೆಯನ್ನು ಎರಡು ಅಚ್ಚಿಗೆ ಸಮನಾಗಿ ಹುಯ್ದಳು. ಯಾವುದು ಬೇಕೋ ಆರಿಸಿಕೊಳ್ಳಿ ಎಂದು ಮೇಸ್ತ್ರಿಗೇ ಬಿಟ್ಟಳು. ಎರಡನ್ನೂ ಉರುಳೆಯಲ್ಲಿ ಒತ್ತಿ, ಜೊತೆಜೊತೆಯಾಗಿ ಕಾಯಿಸಿದರು. ಮೇಸ್ತ್ರಿಯದು ಇದ್ದಿಲ ಮೇಲೆ ಉಳಿಯಿತು. ಅವಳು ತನ್ನದನ್ನು ಇಕ್ಕಳದಲ್ಲಿ ಎತ್ತಿ, ಕೆಂಪು ಇನ್ನೇನು ಮಾಸುತ್ತದೆ ಅನ್ನುವಾಗ ನೀರಿಗೆ ಮುಳುಗಿಸಿದಳು. ಚುಂಯ್ ಎಂದ ಸದ್ದಿಗೆ ಯಾರೋ ಅಯ್ಯೋ ಎಂದರು.

ಮೊದಲು ಮೇಸ್ತ್ರಿಯ ಗಟ್ಟಿ ಉರುಳೆಗೆ ಹೋಯಿತು. ಎರಡನೆಯ ಸುತ್ತಿನಲ್ಲೇ ಟಕ್. ಆಮೇಲೆ ಗುಲಗಂಜಿಯದು. ಒಂದು ಸುತ್ತು, ಎರಡು, ಐದು. ಕಾಯಿಸು, ಮುಳುಗಿಸು, ಮತ್ತೆ ಒತ್ತು. ಗಟ್ಟಿ ಪಟ್ಟಿಯಾಯಿತು, ಪಟ್ಟಿ ಕಡ್ಡಿಯಾಯಿತು, ತೂತಿನ ತಟ್ಟೆಯಲ್ಲಿ ಎಳೆದಾಗ ಕಡ್ಡಿ ತಂತಿಯಾಗಿ ಮೇಜಿನಿಂದಿಳಿದು ನೆಲದ ಮೇಲೆ ಓಡಿತು. ಎಲ್ಲೂ ಕೂದಲಷ್ಟು ಬಿರುಕಿಲ್ಲ. ಕಲ್ಲು ಕೂರಿಸುವವಳು ಚಪ್ಪಾಳೆ ಹೊಡೆದಳು, ಆಮೇಲೆ ಎಲ್ಲರೂ ಹೊಡೆದರು. ಗುಲಗಂಜಿ ಆ ಕೆಂಪು ತಂತಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ ನೋಡಿದಳು. ಹುಟ್ಟಿದಾಗಿನಿಂದ ಅಷ್ಟು ಸಂತೋಷ ಅವಳಿಗೆ ಆಗಿರಲಿಲ್ಲ, ಅದನ್ನು ಮುಚ್ಚಿಡುವ ಗೊಡವೆಗೂ ಅವಳು ಹೋಗಲಿಲ್ಲ.

"ಕುಲುಮೆ ನಿಂದೇ," ಎಂದಳು ಯಜಮಾನ್ತಿ. "ಇನ್ಮೇಲೆ ಯಾವ ಬೆರಕೆ ಹೇಗೆ ಆರಬೇಕು ಅನ್ನೋದೂ ನಿಂದೇ ಮಾತು."

ಬಳೆ ಹೆಣೆದವರು ಮೇಸ್ತ್ರಿಯೇ. ಅಂಥ ಹೆಣಿಗೆ ಇನ್ಯಾರ ಕೈಯಿಂದಲೂ ಆಗುತ್ತಿರಲಿಲ್ಲ. ಕೆಂಪು ಕೆಲವು ವರ್ಷಕ್ಕೆ ಮಂಕಾದೀತು, ತಂದರೆ ಉಜ್ಜಿಕೊಡುತ್ತೇವೆ ಎಂದು ಗುಲಗಂಜಿ ಮುಂಚೆಯೇ ತಿಳಿಸಿದಳು. ಡಾಕ್ಟರಮ್ಮ ನಕ್ಕು, ತಾನೂ ಮಂಕಾಗುತ್ತೇನಲ್ಲ ಎಂದು ಬಳೆ ಹಾಕಿಕೊಂಡೇ ಹೋದಳು. ಆದರೆ ಮೇಸ್ತ್ರಿ ಒಂದು ವಾರ ಗುಲಗಂಜಿಯ ಕಡೆ ತಿರುಗಿಯೂ ನೋಡಲಿಲ್ಲ.

ಎಂಟನೆಯ ದಿನ ಕೋಟಿನ ಪಿನ್ನಿಗೆಂದು ಬಿಳಿ ಚಿನ್ನ ಬಂತು, ನಿಕ್ಕಲ್ ಬೆರೆತದ್ದು. ಮೈಗೆ ತಾಗದ ಒಡವೆಗೆ ಅದರ ಗಡಸು ಬೇಕೇ ಬೇಕು. ಮೇಸ್ತ್ರಿ ಅದನ್ನು ಕಾಯಿಸಿದರು, ಇಕ್ಕಳದಲ್ಲಿ ಎತ್ತಿದರು, ನೀರಿನ ಬಟ್ಟಲಿನ ಕಡೆ ಕೈ ಚಾಚಿ ತಡೆದರು. ಇದ್ದಿಲಿನತ್ತ ನೋಡಿದರು. ಇಡೀ ಕೋಣೆಗೆ ಕೇಳುವಂತೆ ಗಂಟಲು ಸರಿಮಾಡಿಕೊಂಡರು.

"ಗುಲಗಂಜಿ, ಇದು ನೀರಿಗಾ, ಇದ್ದಿಲಿಗಾ?"

ಅವಳು ಎದ್ದು ಬಂದು, ಗಟ್ಟಿಯ ಬಣ್ಣವನ್ನು ಸಾವಧಾನವಾಗಿ ನೋಡಿದಳು.

"ಇದ್ದಿಲ ಮೇಲೆ ಬಿಡಿ ಮೇಸ್ತ್ರಿ. ಬಿಳೀದು ನೀರು ಕಂಡ್ರೆ ಬಿರುಕು ಬಿಡುತ್ತೆ."

ಮೇಸ್ತ್ರಿ ಹಾಗೇ ಮಾಡಿದರು.