ಓಣಿಯಲ್ಲಿ ಹಚ್ಚದ ಎಂಜಿನ್

"ಮಾಸ್ತರ್ರೇ, ಹಿಂದಿಂದ ಒಂದೀಟು ನೂಕ್ರಿ!"

ಎದುರುಮನೆಯ ಈರಣ್ಣ ಕೂಗಿದಾಗ, ಶಾಲೆಗೆ ಹೊರಟಿದ್ದ ನಾನು ಚೀಲ ಕೆಳಗಿಟ್ಟು ಅವರ ಟೆಂಪೊಗೆ ಕೈ ಹಚ್ಚಿದೆ. ಎಂಬತ್ತರ ದಶಕದ ಆರಂಭದ ಮಾತು. ಬಳ್ಳಾರಿಯ ಕೌಲ್ ಬಜಾರಿನ ಆ ಇಕ್ಕಟ್ಟಾದ ಓಣಿಗೆ ನಾವು ಬಾಡಿಗೆಗೆ ಬಂದು ವಾರವಾಗಿತ್ತಷ್ಟೆ. ಈರಣ್ಣ ದಿನಾ ಕುರುಗೋಡಿಗೆ ಜನರನ್ನು ಒಯ್ಯುತ್ತಿದ್ದ ಡೀಸೆಲ್ ಗಾಡಿ ಅದು. ಅವರು ಸ್ಟೀರಿಂಗ್ ಹಿಡಿದು ಪಕ್ಕದಿಂದ, ನಾನು ಹಿಂದಿನಿಂದ ತಳ್ಳುತ್ತಾ ಮುಖ್ಯರಸ್ತೆ ಮುಟ್ಟಿಸಿದೆವು. ಹತ್ತಿ ಕೂತು ಕೀಲಿ ತಿರುವಿದರೆ ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು!

"ಗಾಡಿ ಛಲೋ ಐತಲ್ರಿ, ಮತ್ಯಾಕ ನೂಕಿಸಿದ್ರಿ?" ಎಂದೆ ಸಿಟ್ಟಿನಿಂದ.

"ಮೂಲಿ ಮನಿ ಗೌರಮ್ಮಗ ದಮ್ಮು ಐತ್ರಿ. ಒಮ್ಮಿ ನನ್ನ ಗಾಡಿ ಹೊಗಿ ಒಳಗ ಹೋಗಿ ಉಸಿರು ಕಟ್ಟಿಬಿಡ್ತು. ದವಾಖಾನಿಗೆ ನಾನ ಎತ್ಕೊಂಡು ಹೋದೆ. ಅವತ್ತಿಂದ ಓಣ್ಯಾಗ ಎಂಜಿನ್ ಹಚ್ಚೂದಿಲ್ರಿ" ಎಂದರು ಮೆತ್ತಗೆ.

ವಾರದಿಂದ ನಾನು ಪ್ರತಿ ಬೆಳಿಗ್ಗೆ ಅದೇ ಗೌರಮ್ಮನ ಕಿಟಕಿಯ ಕೆಳಗೆ ಸ್ಕೂಟರ್ ಚಾಲೂ ಮಾಡಿ, ಎಂಜಿನ್ ಬಿಸಿಯಾಗಲೆಂದು ಐದು ನಿಮಿಷ ಹಾಗೇ ಬಿಡುತ್ತಿದ್ದೆ. ಸದ್ದು ಕೇಳಿದೊಡನೆ ಆಕೆ ಕಿಟಕಿ ಮುಚ್ಚುವುದನ್ನು ನೋಡಿ, ಹೊಸಬರೆಂದರೆ ಆಗದ ಮುದುಕಿ ಎಂದುಕೊಂಡಿದ್ದೆ. ಎದುರುಮನೆಯಿಂದ ಈರಣ್ಣ ಇದನ್ನು ದಿನಾ ನೋಡಿದ್ದರು. ಆದರೂ ಅವರು ನನ್ನ ಸ್ಕೂಟರಿನ ಮಾತನ್ನೇ ಎತ್ತಲಿಲ್ಲ.

ಅಂದಿನಿಂದ ನಾನೂ ಸ್ಕೂಟರನ್ನು ಮುಖ್ಯರಸ್ತೆಯವರೆಗೆ ತಳ್ಳಿಕೊಂಡೇ ಹೋಗುತ್ತಿದ್ದೆ. ಆದರೆ ಆ ಒಂದು ವಾರಕ್ಕಾಗಿ ಗೌರಮ್ಮನ ಕ್ಷಮೆ ಕೇಳಲು ನನಗೆ ಕೊನೆಗೂ ಧೈರ್ಯ ಬರಲಿಲ್ಲ.