ಕೆಳಗಿನ ಓಣಿಯ ವಾಲ್

ನನಗೆ ಕನ್ನಡದ ಸೊಕ್ಕಿತ್ತು. ಒತ್ತಕ್ಷರ ತಪ್ಪುವುದಿಲ್ಲ, ಇಂಗ್ಲಿಷ್ ಬೆರೆಸುವುದಿಲ್ಲ ಎಂಬ ಸೊಕ್ಕು. ನವಲಗುಂದದಿಂದ ದಿನಾ ಬಸ್ಸು ಹತ್ತಿ ಹಳ್ಳಿಯೊಂದರ ಪಂಚಾಯತಿಗೆ ಹೋಗಿ ಕಂಪ್ಯೂಟರಿನ ಮುಂದೆ ಕೂರುವ ಕೆಲಸ ಸಿಕ್ಕಾಗ, ಆ ಸೊಕ್ಕನ್ನೂ ಊಟದ ಡಬ್ಬಿಯ ಜೊತೆ ಚೀಲದಲ್ಲಿ ಹಾಕಿಕೊಂಡೇ ಹೋಗಿದ್ದೆ.

ಸೇರಿದ ಮೊದಲ ವಾರವೇ ಪಿಡಿಒ ಸಾಹೇಬರು ಒಂದು ದಪ್ಪ ರಜಿಸ್ಟರ್ ತಂದಿಟ್ಟರು. ಪಂಚಾಯತಿಯ ಆಸ್ತಿಯೆಲ್ಲ ಅದರಲ್ಲಿತ್ತು: ನೀರಿನ ಟಾಕಿ, ಬೀದಿದೀಪ, ಗಟಾರ, ಸ್ಮಶಾನದ ತಗಡಿನ ಶೆಡ್ಡು. "ಎಲ್ಲಾ ಕಂಪ್ಯೂಟರಿಗೆ ಏರಸ್ರಿ. ಇದರಾಗ ಇಲ್ಲದ್ದಕ್ಕ ದುರಸ್ತಿ ಮಂಜೂರಾಗೂದಿಲ್ಲ," ಅಂದರು. ಒಂದು ಪುಟದಲ್ಲಿ 'ಸಾಲಿ ವಾಲ್, ಗುಡಿ ಹಿಂದಿನ ವಾಲ್, ಸಂತಿ ಬಯಲ ವಾಲ್, ಕೆಳಗಿನ ಓಣಿ ವಾಲ್' ಎಂದು ಸಾಲಾಗಿ ಬರೆದಿತ್ತು. ಗೋಡೆಗೆ ವಾಲ್ ಅನ್ನಬೇಕೇ, ಕನ್ನಡಕ್ಕೇನು ಬರ ಬಂದಿದೆಯೇ ಎಂದು ಗೊಣಗುತ್ತ ಎಲ್ಲವನ್ನೂ 'ಗೋಡೆ' ಮಾಡಿದೆ. ಶಾಲೆಗೆ ಗೋಡೆ ಇತ್ತು, ಗುಡಿಯ ಹಿಂದೆಯೂ ಇತ್ತು. ಸಂಶಯವೇ ಬರಲಿಲ್ಲ.

ಊರಿಗೆ ನೀರು ಬಿಡುವವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಮೇಲಿನ ಓಣಿಯ ಹಳೆಯ ಮನೆತನದವರು. ಹಣೆಗೆ ವಿಭೂತಿ, ಹೆಗಲ ಮೇಲೆ ನೀರು ಬಿಡುವ ಉದ್ದನೆಯ ಕಬ್ಬಿಣದ ಚಾವಿ, ಮಾತು ಕಮ್ಮಿ. ಮೇಡಂ ಅನ್ನುವಲ್ಲಿ ಬಾಯಾರ ಅನ್ನುವುದು ಅಲ್ಲಿಯ ರೂಢಿ. ಒಂದು ದಿನ ಬಂದು, "ಬಾಯಾರ, ಕೆಳಗಿನ ಓಣಿ ವಾಲ್ ಕೆಟ್ಟೈತಿ. ತಾಲೂಕಿಗೆ ಬರದ ಕಳಸ್ರಿ," ಅಂದರು. 'ಕೆಳಗಿನ ಓಣಿಯ ಗೋಡೆ ಶಿಥಿಲವಾಗಿದೆ' ಎಂದು ಅಚ್ಚುಕಟ್ಟಾಗಿ ಬರೆದು ಕಳಿಸಿದೆ. ಇಂಜಿನಿಯರ್ ಬಂದರು, ಆ ಓಣಿಯ ಸಮುದಾಯ ಭವನದ ಗೋಡೆ ನೋಡಿದರು, 'ಗೋಡೆ ಸುಸ್ಥಿತಿಯಲ್ಲಿದೆ, ದುರಸ್ತಿ ಬೇಡ' ಎಂದು ಷರಾ ಬರೆದು ಹೋದರು. ಕಾಕಾ ಮತ್ತೊಮ್ಮೆ ಹೇಳಿದರು. ನಾನು ಮತ್ತೊಮ್ಮೆ ಗೋಡೆಯೇ ಬರೆದೆ. ಅದಕ್ಕೂ ಅದೇ ಷರಾ ಬಂತು.

ಅಷ್ಟರಲ್ಲಿ ಕೆಳಗಿನ ಓಣಿಗೆ ನೀರು ನಿಂತು ತಿಂಗಳುಗಳೇ ಕಳೆದಿದ್ದವು. ಅದು ದಲಿತರ ಓಣಿ. ಅಲ್ಲಿಯ ಹೆಂಗಸರು ಮೇಲಿನ ಓಣಿಯ ನಳಕ್ಕೆ ಕೊಡ ಹಿಡಿದು ಬಂದು, "ನಮ್ಮದೆಲ್ಲಾ ಆಗ್ಲಿ, ತಡಿ" ಅನ್ನಿಸಿಕೊಂಡು ನಿಲ್ಲಬೇಕಾಗಿತ್ತು. ಅವರಲ್ಲೊಬ್ಬಾಕೆ, ಕೂಲಿ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಕಾಲೇಜು ಓದಿಸುತ್ತಿದ್ದಾಕೆ, ಪಂಚಾಯತಿ ಅಂಗಳದಲ್ಲೇ ಕಾಕಾನನ್ನು ತಡೆದು ನಿಲ್ಲಿಸಿದಳು.

"ನಿಮ್ಮ ಹಿರ್ಯಾರು ನಮ್ಮ ಹಿರ್ಯಾರಿಗೆ ಬಾವಿ ಮುಟ್ಟಗೊಡಲಿಲ್ಲ. ನೀವು ಚಾವಿ ತಿರುವಿ ಬಂದ್ ಮಾಡೀರಿ. ಫರಕ್ ಏನೈತಿ?"

"ದಿನಾ ಬಿಡತೀನವಾ. ನೀರ ಬರವಲ್ದು," ಅಂದರು ಕಾಕಾ. ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ, ಸುಳ್ಳು ಯಾಕೆ ಹೇಳಲಿ. ಆಕೆಯ ಸಿಟ್ಟಿಗೆ ಅರ್ಥವಿತ್ತು. ಬಾವಿಯ ಮಾತು ಅವಳ ಅಜ್ಜಿ ಕಂಡದ್ದು, ಕಟ್ಟುಕಥೆಯಲ್ಲ. ಓಣಿಯವರೆಲ್ಲ ಸಹಿ ಹಾಕಿ, ಕಾಕಾನನ್ನು ಕೆಲಸದಿಂದ ತೆಗೆಯಿರಿ ಎಂದು ಅರ್ಜಿ ಕೊಟ್ಟರು. ಸೋಮವಾರದ ಸಭೆಯಲ್ಲಿ ಠರಾವು ಆಗುವುದಿತ್ತು.

ಶನಿವಾರ ಕಾಕಾ ನನ್ನ ಮೇಜಿನ ಮುಂದೆ ಬಂದು ನಿಂತರು.

"ಅಲ್ರೀ ಬಾಯಾರ, ನಾ ವಾಲ್ ಅಂದ್ರ ಆ ಇಂಜಿನೇರ ಎರಡೂ ಸಲ ಭವನದ ಗ್ವಾಡಿಗೆ ಕೈ ಬಡದು ಹೋಗ್ಯಾನು. ಗ್ವಾಡ್ಯಾಗಿಂದ ನೀರ ಬರತೈತೇನು?"

"ವಾಲ್ ಅಂದ್ರ ಗೋಡಿ ಅಲ್ಲೇನ್ರಿ ಕಾಕಾ?"

ಕಾಕಾ ಚಾವಿಯನ್ನು ನೆಲಕ್ಕೆ ಕುಟ್ಟಿದರು. "ನೀರ ಚಾಲೂ-ಬಂದ್ ಮಾಡೂ ವಾಲ್ ರೀ! ರಸ್ತಾದ ಬುಡಕ ಪೈಪಿನ್ಯಾಗ ಇರತೈತಲ್ಲ, ಅದು!"

ಕಂಪ್ಯೂಟರಿನಲ್ಲಿ ನೋಡಿದರೆ ಊರ ತುಂಬ ಗೋಡೆ, ಒಂದಾದರೂ ವಾಲ್ವ್ ಇಲ್ಲ. ಹಾಳಾದ ನನ್ನ ಶುದ್ಧ ಕನ್ನಡ! ಹೆದರಿಕೆಯೂ ಆಯಿತು. ಖಾಯಂ ಆಗದ ನೌಕರಿ. ಯಾರಿಗೂ ಹೇಳದೆ ಗೋಡೆಗಳನ್ನೆಲ್ಲ ಸದ್ದಿಲ್ಲದೆ ತಿದ್ದಿಬಿಡಬಹುದಿತ್ತು. ಭಾನುವಾರವೆಲ್ಲ ಅದನ್ನೇ ಯೋಚಿಸಿದೆ.

ಸೋಮವಾರ ಸಭೆಯಲ್ಲಿ ಎದ್ದು ನಿಂತು ಎಲ್ಲ ಹೇಳಿದೆ. ಸದಸ್ಯರು ಬಿದ್ದು ಬಿದ್ದು ನಕ್ಕರು. "ಎತ್ತು ಈದೈತಿ ಅಂದ್ರ ಕೊಟಗ್ಯಾಗ ಕಟ್ಟು ಅಂದಂಗಾತಲ್ರಿ ಬಾಯಾರ!" ಎಂದು ಒಬ್ಬರು ಮೇಜು ಗುದ್ದಿದರು. ನಗುನಗುತ್ತಲೇ ಠರಾವು ಕೈಬಿಟ್ಟರು, ರಸ್ತೆ ಅಗೆಯಲು ಒಪ್ಪಿದರು. ಬಾಗಿಲ ಹತ್ತಿರ ನಿಂತಿದ್ದ ಕಾಕಾ ಮಾತ್ರ ನಗಲಿಲ್ಲ. ಹೊರಗೆ ಬಂದಾಗ ನನ್ನನ್ನು ಕರೆದರು.

"ಇಲ್ಲಿ ಹೇಳಿದ್ರಿ, ನನ್ನ ನೌಕರಿ ಉಳೀತು. ಹೆಸರು ಕೆಟ್ಟದ್ದು ಕೆಳಗಿನ ಓಣ್ಯಾಗ. ಅಲ್ಲಿ ಬಂದು ಹೇಳ್ರಿ."

ಬುಧವಾರ ಹೋದೆ. ಸಿಮೆಂಟ್ ರಸ್ತೆ ಒಡೆದು, ಎರೆಮಣ್ಣು ಬಗೆದು, ತುಕ್ಕು ಹಿಡಿದ ವಾಲನ್ನು ಮೇಲೆತ್ತಿ ಇಟ್ಟಿದ್ದರು. ಚಾವಿ ಕೂರುವ ಕಡ್ಡಿ ಒಳಗೇ ಮುರಿದಿತ್ತು. ಮೇಲೆ ತಿರುವಿದರೆ ಗರಗರ ತಿರುಗುತ್ತಿತ್ತು, ಒಳಗಿನ ಮುಚ್ಚಿದ ಬಾಗಿಲು ಅಲುಗುತ್ತಿರಲಿಲ್ಲ. ಅಷ್ಟೂ ತಿಂಗಳು ಕಾಕಾ ಆ ಮುರಿದ ಕಡ್ಡಿಯನ್ನೇ ತಿರುವಿದ್ದರು. ಓಣಿಯ ಮಂದಿಯ ಮುಂದೆ ನನ್ನ ತಪ್ಪು ಹೇಳಿಕೊಂಡೆ. ಅಲ್ಲಿ ಯಾರೂ ನಗಲಿಲ್ಲ. ಆರು ತಿಂಗಳು ಕೊಡ ಹೊತ್ತವರು ಯಾಕೆ ನಕ್ಕಾರು? ಅವರ ಮೋರೆ ನೋಡಲಾಗದೆ ನಾನೇ ತಲೆ ತಗ್ಗಿಸಿದೆ.

ಹೊಸ ವಾಲ್ ಕೂರಿಸಿದ ಮೇಲೆ ಕಾಕಾ ಚಾವಿ ತಿರುವಿದರು. ಓಣಿಯ ನಳ ಮೊದಲು ಕರಿಯ ನೀರು ಉಗುಳಿತು, ಆಮೇಲೆ ನೀರು ತಿಳಿಯಾಯಿತು. ಹೆಂಗಸರು ಕೊಡ ತರಲು ಓಡಿದರು. ಅಂದು ಅಂಗಳದಲ್ಲಿ ಕಾಕಾನನ್ನು ತಡೆದಾಕೆ ಓಡಲಿಲ್ಲ. ಹಳೆಯ ವಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕಡ್ಡಿಯನ್ನು ತನ್ನ ಕೈಯಿಂದಲೇ ತಿರುವಿ ನೋಡಿದಳು. ಮತ್ತೆ ಮತ್ತೆ ತಿರುವಿದಳು.

"ತಪ್ಪಾತು ಕಾಕಾ," ಅಂದಳು. "ಅವತ್ತು ಅಂದದ್ದೆಲ್ಲಾ ತಿರಗಿ ತಗೋತೀನಿ."

ಕಾಕಾ ಬೇಡವೆಂದು ಕೈ ಆಡಿಸಿದರು.

"ಎಲ್ಲಾ ತಗೋಬ್ಯಾಡವಾ. ನಮ್ಮ ಹಿರ್ಯಾರಿಗೆ ಅಂದದ್ದು ಖರೇನ ಐತಿ, ಅದು ಇರಲಿ. ನನಗ ಅಂದದ್ದಷ್ಟ ತಗೋ."