ಆಯ್ಕೆಯಾಗದವರಿಗೂ ಉತ್ತರ ಬರೆದವರು

ಕೃತಕ ಕಾಲು ತಯಾರಿಸುವ ನಮ್ಮ ವೃತ್ತಿಯಲ್ಲಿ ಕೈಚಳಕದಿಂದ ಹೆಸರಾದವರು ಅನೇಕರಿದ್ದಾರೆ. ಆದರೆ ಒಂದು ಕಾರ್ಯಾಗಾರವನ್ನು ಇಪ್ಪತ್ತೆರಡು ವರ್ಷ ನಡೆಸಿ, ಅಲ್ಲಿ ಕಾಲು ಪಡೆದು ನಡೆದುಹೋದವರು ಮಾತ್ರವಲ್ಲದೆ, ಕೆಲಸ ಕೇಳಿ ಬಂದು ಬರಿಗೈಯಲ್ಲಿ ಮರಳಿದವರೂ ಗೌರವದಿಂದ ನೆನೆಯುವಂತೆ ನಡೆದುಕೊಂಡವರು, ನಾನು ಕಂಡಂತೆ, ಇವರೊಬ್ಬರೇ. ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮುಖ್ಯಸ್ಥರನ್ನು ನಾವೆಲ್ಲ ‘ಅಳತೆ ಸಾಹೇಬರು’ ಎಂದು ಕರೆಯುತ್ತಿದ್ದೆವು. ಯಾವುದನ್ನೂ ಎರಡು ಸಲ ಅಳೆಯದೆ ಒಪ್ಪುತ್ತಿರಲಿಲ್ಲವೆಂದು ಆ ಹೆಸರು. ಅವರ ಕೈಕೆಳಗೆ ಹದಿನಾಲ್ಕು ವರ್ಷ ದುಡಿದು, ಅವರಿಗಿಂತ ಮೊದಲೇ ನಿವೃತ್ತನಾದ ಹಿರಿಯ ಕೆಲಸಗಾರ ನಾನು.

ಅವರು ಬಂದ ಮೊದಲ ವಾರ ನಮಗೆ ಯಾವ ಉಪದೇಶವನ್ನೂ ಮಾಡಲಿಲ್ಲ. ಮಂಡಿ ಮಡಿಸಲಾಗದ ಒಂದು ಕಬ್ಬಿಣದ ಕಟ್ಟನ್ನು ತಮ್ಮ ಬಲಗಾಲಿಗೆ ಬಿಗಿದುಕೊಂಡು, ನಮ್ಮ ಕಾರ್ಯಾಗಾರವಿದ್ದ ಆಸ್ಪತ್ರೆಯ ಮೆಟ್ಟಿಲನ್ನು ಹತ್ತಿ ಇಳಿದರು. ಆರನೆಯ ದಿನ ಕಟ್ಟನ್ನು ಬಿಚ್ಚಿ, ಒಳಗೆ ಎಲ್ಲೆಲ್ಲಿ ಕೆಂಪಾಗಿದೆಯೆಂದು ನಮಗೆಲ್ಲ ತೋರಿಸಿದರು. ಒಮ್ಮೆ ನಾನು ಎಡಗಾಲಿನ ಅಚ್ಚನ್ನು ಬಲಗಾಲು ಬೇಕಾದವರಿಗೆ ತೆಗೆದಿಟ್ಟು ನಗೆಪಾಟಲಾದಾಗ, ಆ ರೋಗಿಯ ಮುಂದೆ ಅವರು ಹೇಳಿದ್ದು “ನಮ್ಮಿಂದ ತಪ್ಪಾಗಿದೆ” ಎಂದಷ್ಟೆ. ನನ್ನ ಹೆಸರು ಅವರ ಬಾಯಿಂದ ಬರಲಿಲ್ಲ.

ಕೆಲಸಕ್ಕೆ ಅರ್ಜಿ ಹಾಕುವವರ ವಿಷಯದಲ್ಲಿ ಅವರು ಎರಡು ಪದ್ಧತಿಗಳನ್ನು ತಂದರು. ಅರ್ಜಿದಾರರು ಯಾರೇ ಆಗಲಿ, ಗುರುವಾರ ನಾಲ್ಕು ಗಂಟೆಗೆ ಬಂದು ಕೆಲಸವನ್ನು ಕಣ್ಣಾರೆ ನೋಡಬಹುದಿತ್ತು, ಏನನ್ನು ಬೇಕಾದರೂ ಕೇಳಬಹುದಿತ್ತು. ಇನ್ನೊಂದು, ಆಯ್ಕೆಯಾಗದ ಪ್ರತಿಯೊಬ್ಬರಿಗೂ ಏಕೆ ಆಗಲಿಲ್ಲವೆಂದು ಅವರೇ ಕೈಯಾರೆ ನಾಲ್ಕು ಸಾಲು ಬರೆಯುತ್ತಿದ್ದರು. ನಮ್ಮ ಗುಮಾಸ್ತರಿಗೆ ಇದು ತಲೆನೋವಾಯಿತು.

“ನಾವು ಬೇಡ ಅಂದೋರಿಗೆಲ್ಲ ಸ್ಟ್ಯಾಂಪ್ ಅಂಟಿಸ್ತಾ ಕೂತ್ರೆ ನನ್ನ ನಾಲಿಗೆ ಸವೆದುಹೋಗುತ್ತೆ ಸಾರ್,” ಎಂದರು.

“ಸವೆದ್ರೆ ಹೇಳಿ, ಅದಕ್ಕೂ ಅಳತೆ ತಗೊಳ್ಳೋಣ,” ಎಂದು ಸಾಹೇಬರು ಮುಂದಿನ ಕಾಗದವನ್ನು ಎತ್ತಿಕೊಂಡರು.

ಹನ್ನೊಂದು ವರ್ಷಗಳ ಹಿಂದೆ ನನ್ನ ಒಬ್ಬನೇ ಮಗ ಮೂರು ದಿನದ ಜ್ವರದಲ್ಲಿ ತೀರಿಕೊಂಡ. ಅವನಿಗೆ ಮೂವತ್ತೊಂದು ವರ್ಷ. ಆ ನೋವನ್ನು ಇಲ್ಲಿ ಬರೆಯಲಾರೆ. ಇಂದಿಗೂ ಅದು ಇದ್ದಲ್ಲೇ ಇದೆ. ನಾನು ಮನೆಯಿಂದ ಹೊರಡದ ಹದಿನೈದು ದಿನ ಸಾಹೇಬರು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ನನ್ನ ಮೇಜಿನ ಮುಂದೆ ಕುಳಿತು, ನನ್ನ ಪಾಲಿನ ಅಚ್ಚುಗಳನ್ನು ತಾವೇ ಮುಗಿಸಿದ್ದರು. ಅದನ್ನು ನನಗೆ ಹೇಳಿದವರು ಗುಮಾಸ್ತರು, ಸಾಹೇಬರಲ್ಲ.

ಮನೆಯಲ್ಲಿ ಉಳಿದವರು ನನ್ನ ಸೊಸೆ ಮತ್ತು ಆರು ವರ್ಷದ ಮೊಮ್ಮಗಳು. ಸೊಸೆ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಅದರಿಂದ ಸಂಸಾರ ಸಾಗುತ್ತಿರಲಿಲ್ಲ. ನನ್ನ ನಿವೃತ್ತಿಗೆ ಮೂರೇ ವರ್ಷವಿತ್ತು. ವರ್ಷದೊಳಗೆ ಒಂದು ಖಾಯಂ ಕೆಲಸ ಸಿಗದಿದ್ದರೆ ತಂಗಿಯನ್ನೂ ಮಗುವನ್ನೂ ತಮ್ಮ ಮನೆಗೆ ಕರೆದುಕೊಂಡು ಹೋಗುವುದಾಗಿ ಅವಳ ಅಣ್ಣ ಹೇಳಿಹೋದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಮಗನ ಮುಖವನ್ನು ನಾನು ಇನ್ನು ನೋಡಬಹುದಾಗಿದ್ದುದು ಆ ಮಗುವಿನಲ್ಲಿ ಮಾತ್ರ.

ಅಷ್ಟರಲ್ಲಿ ನಮ್ಮಲ್ಲೇ ಪಟ್ಟಿ ಹೊಲಿಯುವ ಜಾಗವೊಂದು ಖಾಲಿಯಾಯಿತು. ಕೃತಕ ಕಾಲನ್ನು ತೊಡೆಗೆ ಬಿಗಿಯುವ ಚರ್ಮದ ಪಟ್ಟಿ ಅದು. ನಾನು ಸಾಹೇಬರ ಕೋಣೆಗೆ ಹೋಗಿ ಸಂಗತಿಯನ್ನೆಲ್ಲ ಹೇಳಿದೆ. ಅವರು ಕೇಳಿ, “ಅವರು ಅರ್ಜಿ ಹಾಕ್ಲಿ. ನೀವು ಆಯ್ಕೆ ಸಮಿತಿಯಲ್ಲಿ ಕೂರೋದು ಬೇಡ,” ಎಂದರು. ಕೆಲಸ ಆದಂತೆಯೇ ಎಂದು ನಾನು ತಿಳಿದೆ. ಗುರುವಾರ ಬಂದು ನೋಡಲೇ ಎಂದು ಸೊಸೆ ಕೇಳಿದಾಗ, ನಾನಿರುವಾಗ ಅದೆಲ್ಲ ಏಕೆಂದು ತಡೆದವನೂ ನಾನೇ.

ಪರೀಕ್ಷೆಗೆ ಏಳು ಜನ ಬಂದರು. ಸೊಸೆ ಹೊಲಿದ ಪಟ್ಟಿಯನ್ನು ಆಮೇಲೆ ನೋಡಿ ಹಿಗ್ಗಿದೆ. ಹೊರಮಗ್ಗುಲಿನಲ್ಲಿ ಒಂದು ಗಂಟೂ ಕಣ್ಣಿಗೆ ಬೀಳುತ್ತಿರಲಿಲ್ಲ. ವಾರದೊಳಗೆ, ಉಳಿದವರಿಗೆ ಹೋದಂತೆಯೇ, ನಮ್ಮ ಮನೆಗೂ ನಾಲ್ಕು ಸಾಲಿನ ಕಾಗದ ಬಂತು: “ಬಂದ ಏಳು ಪಟ್ಟಿಗಳಲ್ಲಿ ನಿಮ್ಮದೇ ಅಂದವಾಗಿತ್ತು. ಆದರೆ ಬಟ್ಟೆ ಹೊಲಿಯುವಂತೆ ಗಂಟುಗಳನ್ನೂ ಮಡಿಕೆಯನ್ನೂ ಒಳಮಗ್ಗುಲಿಗೆ ಮರೆಮಾಡಿದ್ದೀರಿ. ಇಲ್ಲಿ ಒಳಮಗ್ಗುಲಿಗೆ ತಾಗುವುದು ಮನುಷ್ಯರ ಚರ್ಮ. ಇನ್ನೊಮ್ಮೆ ಅರ್ಜಿ ಹಾಕುವ ಮುನ್ನ ಗುರುವಾರ ಬಂದು ನೋಡಿ.”

ನನ್ನ ಮೈ ಉರಿದುಹೋಯಿತು. ಗಂಟನ್ನು ಹೊರಗೆ ಹಾಕು ಎಂದು ಒಂದು ಮಾತು ಹೇಳಿಕೊಟ್ಟು ಸೇರಿಸಿಕೊಳ್ಳಬಾರದಿತ್ತೆ ಎಂದು ಕುದಿದೆ. ಅಂದಿನಿಂದ ಕೆಲಸಕ್ಕೆ ಬೇಕಾದಷ್ಟನ್ನು ಬಿಟ್ಟು ಅವರೊಡನೆ ಮಾತು ನಿಲ್ಲಿಸಿದೆ. ಸೊಸೆ ಮಾತ್ರ ಕಾಗದವನ್ನು ಎರಡು ಸಲ ಓದಿದಳು.

“ಮಾವ, ಬೇರೆ ಎರಡು ಕಡೆನೂ ಅರ್ಜಿ ಹಾಕಿದ್ದೆ. ಅವರು ಇಲ್ಲ ಅಂತಾನೂ ಬರೀಲಿಲ್ಲ. ಇವರು ನನ್ನ ತಪ್ಪು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದ್ದಾರಲ್ಲ,” ಎಂದಳು.

ಅವಳು ಗುರುವಾರ ಗುರುವಾರ ಬಂದಳು. ಕಂಬಿ ಹಿಡಿದು ನಡೆ ಕಲಿಯುವವರನ್ನು ನೋಡಿದಳು. ಅವರ ಪಟ್ಟಿ ಎಲ್ಲಿ ಉಜ್ಜುತ್ತದೆಂದು ಕೇಳಿದಳು. ತುಂಡು ಚರ್ಮ ತಂದು ಹೊಲಿದು, ಅದನ್ನು ತನ್ನ ತೊಡೆಗೇ ಕಟ್ಟಿಕೊಂಡು ಮನೆಗೆಲಸ ಮಾಡಿದಳು. ಒಂದನ್ನು ನನಗೂ ಕಟ್ಟಿದಳು. ನಾನು ಕುಂಟುತ್ತ ಓಡಾಡಿದ್ದನ್ನು ಕಂಡು ಮೊಮ್ಮಗಳು, “ತಾತ, ಇನ್ನೊಂದು ಸಲ,” ಎಂದು ನಕ್ಕಳು. ಮಗ ಹೋದಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು.

ಎಂಟನೆಯ ತಿಂಗಳು ಮತ್ತೊಂದು ಜಾಗ ಖಾಲಿಯಾಯಿತು. ಅವಳ ಅಣ್ಣ ಕೊಟ್ಟಿದ್ದ ಗಡುವಿಗೆ ಇನ್ನು ಕೆಲವೇ ವಾರಗಳಿದ್ದವು. ಸಂದರ್ಶನದಲ್ಲಿ ಏನಾಯಿತೆಂದು ಗುಮಾಸ್ತರು ಆಮೇಲೆ ಹೇಳಿದರು. ಹೋದ ಸಲ ಏಕೆ ಆಯ್ಕೆಯಾಗಲಿಲ್ಲವೆಂದು ಸಾಹೇಬರು ಕೇಳಿದರಂತೆ. ಸೊಸೆ ಹಳೆಯ ಪಟ್ಟಿಯನ್ನೂ ಹೊಸದನ್ನೂ ಮೇಜಿನ ಮೇಲಿಟ್ಟು, “ಆವಾಗ ನೋಡೋರಿಗೋಸ್ಕರ ಹೊಲಿದಿದ್ದೆ ಸರ್. ಇದು ಕಟ್ಕೊಳ್ಳೋರಿಗೆ,” ಎಂದಳಂತೆ. ಬಂದಿದ್ದ ಒಂಬತ್ತು ಜನರಲ್ಲಿ ಅವಳೇ ಆಯ್ಕೆಯಾದಳು.

ಅಂದು ಸಂಜೆ ಸಾಹೇಬರು ನನ್ನ ಮೇಜಿನ ಬಳಿ ಬಂದು ನಿಂತರು.

“ಆವತ್ತು ನಿಮ್ಮ ಮುಖ ನೋಡಿ ಕೆಲಸ ಕೊಡಬಹುದಿತ್ತು. ಯಾರದೋ ತೊಡೆ ಹುಣ್ಣಾಗ್ತಿತ್ತು. ಅವರಿಗೆ ನಾನು ಏನು ಉತ್ತರ ಬರೀಲಿ, ಹೇಳಿ?” ಎಂದರು.

ಉತ್ತರಕ್ಕೆ ಅವರು ಕಾಯಲಿಲ್ಲ; ಆಯ್ಕೆಯಾಗದ ಎಂಟು ಜನರಿಗೆ ಬರೆಯುವುದಿತ್ತು.

ಸೊಸೆ ಇಂದು ಪಟ್ಟಿ ವಿಭಾಗದ ಮೇಲ್ವಿಚಾರಕಿ. ಮೊಮ್ಮಗಳು ನಮ್ಮ ಮನೆಯಲ್ಲೇ ಬೆಳೆದು ಹದಿನೇಳು ತುಂಬಿದ್ದಾಳೆ.

ಸಾಹೇಬರಿಗೆ ಇದುವರೆಗೆ ಹೇಳದ ಒಂದು ಮಾತನ್ನು ಅವರ ಗೌರವಕ್ಕೆಂದು ತರುತ್ತಿರುವ ಈ ಪುಸ್ತಕದಲ್ಲಿ ಒಪ್ಪಿಸಿಬಿಡುತ್ತೇನೆ. ಆ ಎಂಟು ತಿಂಗಳೂ ನಾನು ಬೆಳಗಿನ ಪ್ರಾರ್ಥನೆಯಲ್ಲಿ ದೇವರ ಮುಂದೆ ಅವರ ಮೇಲೆ ದೂರು ಹೇಳಿದ್ದೆ, ಒಂದು ದಿನವೂ ತಪ್ಪಿಸದೆ. ದೇವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ; ಅದು ನನ್ನ ಪುಣ್ಯ. ಈಗ ಅವರ ನಿವೃತ್ತಿಯ ದಿನ ಗೊತ್ತಾದಂದಿನಿಂದ ಅದೇ ಹೊತ್ತಿನಲ್ಲಿ, ಅವರಿಗೆ ಆಯುಸ್ಸನ್ನೂ ಗಟ್ಟಿಯಾದ ಕಾಲನ್ನೂ ಕೈ ತುಂಬ ಕೆಲಸವನ್ನೂ ಕೊಡೆಂದು ಬೇಡುತ್ತಿದ್ದೇನೆ. ದೂರು ಹೇಳಿದ ದಿನಗಳ ಲೆಕ್ಕ ಮುಗಿದಮೇಲೂ ಬೇಡುತ್ತೇನೆ.